ಮೆಟ್ಟಿಲ ಸುಂಕ

ಅಡುಗೆಮನೆಯ ಅಟ್ಟದಿಂದ ರಟ್ಟಿನ ಪೆಟ್ಟಿಗೆ ಇಳಿಸುತ್ತಿದ್ದಾಗ ಒಳಗೆ ಏನೋ 'ಟಿಣ್' ಎಂದಿತು. ತಡಕಿದರೆ ಹಳೆಯ ಸ್ವೆಟರಿನಲ್ಲಿ ಸುತ್ತಿಟ್ಟ ಹಿತ್ತಾಳೆಯ ಗಂಟೆ. ದೇವರ ಗಂಟೆಯಲ್ಲ, ಮೇಜಿನ ಮೇಲಿಟ್ಟು ನೆತ್ತಿಯನ್ನು ಬೆರಳಿನಿಂದ ಒತ್ತಿದರೆ ಸದ್ದು ಮಾಡುವಂಥದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕನೆಯ ನಿಮಿಷಕ್ಕೆ ಒಮ್ಮೆ ಎಚ್ಚರಿಸಿ, ಐದಕ್ಕೆ ಎರಡು ಸಲ ಬಾರಿಸಿ ಬಾಯಿ ಮುಚ್ಚಿಸುತ್ತಿದ್ದರಲ್ಲ, ಅದು. ಕೊನೆಯ ವರ್ಷ ನಮ್ಮ ಮೇಷ್ಟ್ರು ಇದನ್ನು ನನ್ನ ಕೈಗಿಟ್ಟು, "ಇಷ್ಟು ವರ್ಷದಲ್ಲಿ ಇದನ್ನ ಅತಿ ಹೆಚ್ಚು ಸಲ ಹೊಡೆಸಿಕೊಂಡವಳು ನೀನೇ ಕಣಮ್ಮ, ನೀನೇ ಇಟ್ಕೊ" ಎಂದಿದ್ದರು. ನಾನು ಅದನ್ನು ಬಹುಮಾನವೆಂದೇ ತಿಳಿದು ಜೋಪಾನ ಮಾಡಿದ್ದೆ.

ಪೆಟ್ಟಿಗೆ ಇಳಿಸುತ್ತಿರುವುದು ಮನೆ ಖಾಲಿ ಮಾಡಲು. ಬ್ಯಾಟರಾಯನಪುರದ ಈ ಹಳೆಯ ಕಟ್ಟಡವನ್ನು ಯುಗಾದಿ ಕಳೆದ ಮೇಲೆ ಕೆಡವಿ, ಲಿಫ್ಟು ಇರುವ ಹೊಸ ಕಟ್ಟಡ ಎಬ್ಬಿಸುತ್ತಾರಂತೆ. ಹಾಗಾಗಿ ಮೂರು ವರ್ಷದ ಹಿಂದಿನ ಪ್ರಶ್ನೆ ಮತ್ತೆ ನಮ್ಮ ಮುಂದೆ ಬಂದು ನಿಂತಿದೆ: ಇಲ್ಲೇ ಅಕ್ಕಪಕ್ಕದ ಬೀದಿಯಲ್ಲಿ ಹುಡುಕುವುದೋ, ಕೊಡಿಗೇಹಳ್ಳಿ ದಾಟಿ ವಿದ್ಯಾರಣ್ಯಪುರಕ್ಕೆ ಹೋಗುವುದೋ? ಆಗ ಈ ಪ್ರಶ್ನೆ ಇದೇ ಗಂಟೆಯ ಸಾಕ್ಷಿಯಲ್ಲಿ ತೀರ್ಮಾನವಾಗಿತ್ತು. ಗೆದ್ದವಳು ನಾನು. ಆ ಗೆಲುವಿನ ಕಥೆಯನ್ನು ನಿಮಗೆ ಹೇಳಲೇಬೇಕು. ಯಾಕೆಂದರೆ ನನ್ನ ಬದುಕಿನಲ್ಲಿ, ಸೋಲಲೇಬೇಕು ಎಂದು ಮನಸ್ಸಿನಲ್ಲಿ ಹರಕೆ ಹೊತ್ತು ಗೆದ್ದ ಚರ್ಚೆ ಅದೊಂದೇ.

ಆಗ ನಾವು ನಾಗಸಂದ್ರದಲ್ಲಿ, ಮೆಟ್ರೊ ನಿಲ್ದಾಣಕ್ಕೆ ಹತ್ತಿರದ ಎತ್ತರದ ಕಟ್ಟಡದ ಏಳನೆಯ ಮಹಡಿಯಲ್ಲಿದ್ದೆವು. ಗಂಡ ಪ್ರಮೋದನಿಗೆ ಹೆಬ್ಬಾಳದ ಕಡೆ ಕೆಲಸ. ನನಗೆ ಯಲಹಂಕದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಪಾಠ. ಮನೆಯಿಂದ ಕಾಲೇಜು ಮುಟ್ಟುವಷ್ಟರಲ್ಲಿ ಸಂವಿಧಾನಕ್ಕೊಂದು ತಿದ್ದುಪಡಿ ತಂದು ಮುಗಿಸಬಹುದಿತ್ತು. ಮನೆ ಯಾಕೆ ಬದಲಿಸುತ್ತಿದ್ದೀರಿ ಎಂದು ಕೇಳಿದವರಿಗೆಲ್ಲ ಈ ಕಾರಣವನ್ನೇ ಹೇಳುತ್ತಿದ್ದೆವು. ಅದು ಸುಳ್ಳಲ್ಲ. ಆದರೆ ಒಂದು ನಿಜವನ್ನು ಮುಂದೆ ನಿಲ್ಲಿಸಿ ಇನ್ನೊಂದು ನಿಜವನ್ನು ಅದರ ಬೆನ್ನ ಹಿಂದೆ ಅಡಗಿಸುವುದು ಚರ್ಚೆಯವರ ಹಳೆಯ ಚಾಳಿ.

ಅಡಗಿಸಿದ ನಿಜ ಇದು: ನಮ್ಮ ಮಗಳು ಧಾತ್ರಿಗೆ ಮೂರು ತುಂಬುತ್ತ ಬಂದಿತ್ತು; ಮಾತು ಬಂದಿರಲಿಲ್ಲ. ಚಪ್ಪಲಿ ತಾ ಎಂದರೆ ತರುತ್ತಿದ್ದಳು. ನಕ್ಕರೆ ನಗುತ್ತಿದ್ದಳು. ಬೇಕಾದದ್ದರ ಮುಂದೆ ನಮ್ಮ ಕೈ ಹಿಡಿದೆಳೆದುಕೊಂಡು ಹೋಗಿ ನಿಲ್ಲಿಸುತ್ತಿದ್ದಳು. ಇದ್ದ ಶಬ್ದಗಳು ನಾಲ್ಕು. ಅವು ಶಬ್ದಗಳೇ ಎಂದು ಪ್ರಮಾಣ ಮಾಡಿ ಹೇಳಬಲ್ಲವರು ನಾವಿಬ್ಬರೇ. ಕಿವಿ ಪರೀಕ್ಷೆ ಮಾಡಿಸಿದೆವು, ಸರಿಯಿತ್ತು. ಕೆಲವು ಮಕ್ಕಳಿಗೆ ತಡವಾಗುತ್ತದೆ, ವಾರಕ್ಕೊಮ್ಮೆ ಮಾತಿನ ತರಬೇತಿಗೆ ಕರೆತನ್ನಿ, ನಾಲ್ಕು ಮಕ್ಕಳ ನಡುವೆ ಇರಲಿ ಎಂದರು ಡಾಕ್ಟರು. ಮಾತಿನಿಂದಲೇ ಪರಸ್ಪರ ಪರಿಚಯವಾಗಿ, ಮಾತಿನಿಂದಲೇ ಜಗಳವಾಡಿ, ಮಾತಿನಿಂದಲೇ ಮದುವೆಯಾದ ಇಬ್ಬರ ಮಗಳು! ನೆಂಟರ ಮನೆಯ ನಾಮಕರಣದಲ್ಲಿ ನನ್ನ ಸೋದರತ್ತೆ ಊಟದ ಸಾಲಿನಲ್ಲೇ ಹೇಳಿದರು: "ನೀವಿಬ್ರೂ ಬಾಯ್ ಮುಚ್ಚಿದ್ರೆ ತಾನೇ ಅದಕ್ಕೊಂದು ಚಾನ್ಸ್ ಸಿಗೋದು?" ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿ ಅದರ ಸದ್ದಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ನಾಗಸಂದ್ರದ ಕಟ್ಟಡದ ಲಿಫ್ಟಿನಲ್ಲಿ ಒಬ್ಬ ಆಂಟಿ ಸಿಗುತ್ತಿದ್ದರು. ಒಳ್ಳೆಯವರು. ದಿನಾ ಧಾತ್ರಿಯ ಗಲ್ಲ ಹಿಡಿದು, "ಇನ್ನೂ ಮಾತಾಡಲ್ವಾ?" ಎನ್ನುತ್ತಿದ್ದರು. ಒಂದು ದಿನ ಬಜೆ ಬೇರಿನ ತುಂಡೊಂದನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟು, ತೇಯ್ದು ನಾಲಿಗೆಗೆ ಹಚ್ಚಿ ಎಂದರು. ಪುರಾವೆ ಏನು, ಎಷ್ಟು ಮಕ್ಕಳ ಮೇಲೆ ಪರೀಕ್ಷಿಸಿದ್ದಾರೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಮರುದಿನದಿಂದ ಮಗುವನ್ನು ಎತ್ತಿಕೊಂಡು ಏಳು ಮಹಡಿಯನ್ನೂ ಮೆಟ್ಟಿಲಲ್ಲೇ ಇಳಿಯತೊಡಗಿದೆ. ಪ್ರಮೋದನಿಗೆ ವ್ಯಾಯಾಮ ಎಂದು ಹೇಳಿದ್ದೆ.

ಹೀಗಾಗಿ, ಮನೆ ಹುಡುಕಲು ಹೊರಟಾಗ ನನಗೆ ಬೇಕಿದ್ದದ್ದು ಒಂದೇ: ಯಾರೂ ಆ ಪ್ರಶ್ನೆ ಕೇಳದ ಬೀದಿ. ಅದನ್ನು ಹಾಗೆಂದು ಬರೆಯಲಾಗುತ್ತದೆಯೇ? ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದೆ. ನೀರು, ಬಸ್ಸು, ಶಾಲೆ, ಪಾರ್ಕು, ಇಬ್ಬರ ಕೆಲಸಕ್ಕೂ ದೂರ, ಎಲ್ಲಕ್ಕೂ ಹತ್ತರಲ್ಲಿ ಅಂಕ. ಕೊನೆಯ ಸಾಲಿನಲ್ಲಿ 'ಶಾಂತ ಪರಿಸರ' ಎಂದು ಬರೆದೆ. ಅದೊಂದಕ್ಕೆ ಮಾತ್ರ ಇಪ್ಪತ್ತು ಅಂಕ. "ಇದ್ಯಾಕೆ ಡಬಲ್?" ಎಂದ ಪ್ರಮೋದ. "ನಗರದ ಮುಖ್ಯ ಸಮಸ್ಯೆ ಶಬ್ದಮಾಲಿನ್ಯ" ಎಂದೆ. ಅವನು ಆ ಸಾಲನ್ನು ಇನ್ನೊಮ್ಮೆ ಓದಿ ಕಂಪ್ಯೂಟರು ಮುಚ್ಚಿದ.

ಅಳೆದು ಸುರಿದು ಕೊನೆಗೆ ಎರಡು ಮನೆ ಉಳಿದವು. ವಿದ್ಯಾರಣ್ಯಪುರದ್ದು ಹೊಂಗೆ ಮರದ ಸಾಲಿನ ಬೀದಿಯಲ್ಲಿ, ಮೊದಲ ಮಹಡಿ. ನಾವು ಹೋದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಯಾವುದೋ ಮನೆಯ ಕುಕ್ಕರಿನ ಸೀಟಿ, ದೂರದ ತಿರುವಿನಲ್ಲಿ ಬಸ್ಸು ಗೇರು ಬದಲಿಸಿದ ಸದ್ದು, ಅಷ್ಟೇ. ಮನೆಯೊಡೆಯರು ಕಾಫಿ ಕೊಟ್ಟರು. "ನಿನ್ನ ಹೆಸರೇನಮ್ಮ?" ಎಂದು ಧಾತ್ರಿಯನ್ನು ಕೇಳಿದರು. "ಧಾತ್ರಿ ಅಂತ. ಸ್ವಲ್ಪ ನಾಚಿಕೆ" ಎಂದು ನಾನು ಹೇಳಿದೆ. ಅವರು ಮಗುವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅರ್ಥವಾಯಿತು ಎಂದು ಕಣ್ಣಲ್ಲೇ ಗೊತ್ತಾಯಿತು. ತಕ್ಷಣ ಮಾತನ್ನು ಸೋಲಾರ್ ಹೀಟರಿನ ಕಡೆ ತಿರುಗಿಸಿದರು. ಎಂಥ ಸಭ್ಯತೆ! 'ಶಾಂತ ಪರಿಸರ'ದ ಮುಂದೆ ಹತ್ತೊಂಬತ್ತು ಹಾಕಿದೆ.

ಬ್ಯಾಟರಾಯನಪುರದ್ದು ಮುಖ್ಯರಸ್ತೆಯ ಹಿಂದೆ, ಹಳೆಯ ಹಳ್ಳಿ ಇನ್ನೂ ಹಳ್ಳಿಯಾಗೇ ಉಳಿದಿರುವ ಓಣಿಯಲ್ಲಿ. ಮೂರು ಅಂತಸ್ತು, ಆರು ಮನೆ, ಎಲ್ಲಕ್ಕೂ ಸೇರಿ ಮುಂಭಾಗದಲ್ಲೊಂದೇ ಮೆಟ್ಟಿಲು. ಕೆಳಗೆ ಸ್ಕೂಟರುಗಳು, ನೀಲಿ ಡ್ರಮ್ಮುಗಳು, ಒಂದು ಮೂರು ಗಾಲಿಯ ಸೈಕಲ್ಲು. ಮೂರನೆಯ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತಿದ್ದವರು ಮನೆಯೊಡತಿ ಮುನಿರತ್ನಮ್ಮ. ಈ ಕಟ್ಟಡ ನಿಂತಿರುವ ಜಾಗ ಒಂದು ಕಾಲಕ್ಕೆ ಅವರ ಮಾವನವರ ರಾಗಿ ಹೊಲವಂತೆ. ಹತ್ತಲು ದಾರಿ ಬಿಡಲಿಲ್ಲ. ಮೊರ ಸರಿಸಲೂ ಇಲ್ಲ. ನೇರ ಧಾತ್ರಿಯನ್ನು ನೋಡಿದರು.

"ಏನವ್ವ ನಿನ್ನೆಸ್ರು?"

"ಧಾತ್ರಿ ಅಂತ" ಎಂದೆ ನಾನು. "ಸ್ವಲ್ಪ ನಾಚಿಕೆ..."

"ನಾಚ್ಕೆ ಎಲ್ ಬಂತು, ನನ್ನೇ ಗುರಾಯಿಸ್ತಾವ್ಳೆ. ಮಾತ್ ಬಂದಿಲ್ವಾ ಮಗೀಗೆ?"

ಈ ಪ್ರಶ್ನೆಗೆಂದೇ ನನ್ನಲ್ಲಿ ಒಂದೂವರೆ ನಿಮಿಷದ ಸಿದ್ಧ ಭಾಷಣವಿತ್ತು. ಅದು ಅಂದು ಯಾಕೋ ಬಾಯಿಗೆ ಬರಲಿಲ್ಲ. "ಇಲ್ಲ" ಎಂದೆ.

"ಬತ್ತದೆ ಬುಡು. ನಲ್ಲಿ ನೀರು ಬೆಳಿಗ್ಗೆ ಆರಕ್ ಬತ್ತದೆ, ಏಳಕ್ ಓಯ್ತದೆ. ಡ್ರಮ್ ಮಡಿಕ್ಕಂಡ್ರೆ ಒಳ್ಳೇದು. ಓಗಿ, ಮನೆ ನೋಡ್ಕಂಡ್ ಬನ್ನಿ."

ಅಷ್ಟೇ. ನನ್ನ ಮಗಳ ಮಾತು ಮತ್ತು ನಲ್ಲಿಯ ನೀರು, ಎರಡೂ ಒಂದೇ ಉಸಿರಿನಲ್ಲಿ ಬಂದುಹೋದವು. ಆ ಹೆಂಗಸಿನ ಮುಖದಲ್ಲಿ ಅಯ್ಯೋ ಪಾಪ ಇರಲಿಲ್ಲ, ಕುತೂಹಲ ಇರಲಿಲ್ಲ, ಬಜೆ ಬೇರೂ ಇರಲಿಲ್ಲ. ಕೊಡಿಗೇಹಳ್ಳಿ ಗೇಟಿನವರೆಗೂ ನಾನು ಕಾರಿನಲ್ಲಿ ಕುದಿಯುತ್ತ ಬಂದೆ. "ಮಾತಿಗೂ ನೀರಿಗೂ ವ್ಯತ್ಯಾಸ ಗೊತ್ತಿಲ್ಲದ ಹೆಂಗಸು ಕಣೋ ಅದು!" ಹಿಂದಿನ ಸೀಟಿನಲ್ಲಿ ಧಾತ್ರಿ ಮುಷ್ಟಿ ಬಿಗಿಹಿಡಿದಿದ್ದಳು. ಮನೆಗೆ ಬಂದು ಬಿಡಿಸಿ ನೋಡಿದರೆ ಒಂದು ಅವರೆಕಾಯಿ. ಯಾವಾಗ ಕೊಟ್ಟರೋ, ಇವಳೇ ಯಾವಾಗ ತೆಗೆದುಕೊಂಡಳೋ.

ಈಗ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ನಗಬೇಡಿ. ಮದುವೆ ನಿಶ್ಚಯವಾದಂದಿನಿಂದ ನಾವಿಬ್ಬರೂ ದೊಡ್ಡ ತೀರ್ಮಾನಗಳನ್ನು ಚರ್ಚಾಸ್ಪರ್ಧೆ ನಡೆಸಿಯೇ ತೆಗೆದುಕೊಳ್ಳುವುದು. ಚೀಟಿ ಎತ್ತಬೇಕು, ಬಂದ ಪಕ್ಷವನ್ನೇ ವಾದಿಸಬೇಕು, ಮನಸ್ಸಿನಲ್ಲಿ ಏನೇ ಇರಲಿ. ತಲಾ ಐದು ನಿಮಿಷ. ಗಂಟೆ ಕಟ್ಟುನಿಟ್ಟು. ಕೊನೆಗೆ ಯಾರು ಗೆದ್ದರೆಂದು ಇಬ್ಬರೂ ಪ್ರಾಮಾಣಿಕವಾಗಿ ಒಪ್ಪಬೇಕು. ಮದುವೆಯ ಛತ್ರ, ಕಾರು ಕೊಳ್ಳುವುದೋ ಬೇಡವೋ, ಮಗಳ ಹೆಸರು, ಎಲ್ಲವೂ ಹೀಗೇ ಇತ್ಯರ್ಥವಾದವು. ನಮ್ಮ ಅತ್ತೆಯವರು ಇದನ್ನು "ಕೋರ್ಟು ಕಚೇರಿ ಆಟ" ಎನ್ನುತ್ತಾರೆ. ಬೇರೆ ದಂಪತಿಗಳು ತಟ್ಟೆ ಬಡಿದು ಮಾಡುವುದನ್ನು ನಾವು ಗಂಟೆ ಬಡಿದು ಮಾಡುತ್ತೇವೆ, ಅಷ್ಟೇ ವ್ಯತ್ಯಾಸ ಎಂಬುದು ನನ್ನ ಸಮರ್ಥನೆ.

ಭಾನುವಾರ ಮಧ್ಯಾಹ್ನ, ಧಾತ್ರಿ ಮಲಗಿದ ಮೇಲೆ, ಚೀಟಿ ಎತ್ತಿದೆವು. ನನಗೆ ಬಂದದ್ದು ಬ್ಯಾಟರಾಯನಪುರ.

ಸೋಲುವುದು ಸುಲಭವಿತ್ತು. ನೀರಿನ ಅಭಾವ, ಓಣಿಯ ಇಕ್ಕಟ್ಟು, ಎರಡು ದುರ್ಬಲ ವಾದ, ಒಂದು ತಡವರಿಕೆ, ಸಾಕು. ಹೊಂಗೆ ಮರದ ಬೀದಿ ನನ್ನದು. ಎದ್ದು ನಿಂತಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಆದರೆ ನೀವು ಯಾವಾಗಲಾದರೂ ವೇದಿಕೆ ಹತ್ತಿದವರಾದರೆ ಬಲ್ಲಿರಿ, ಮೊದಲ ವಾಕ್ಯ ಹೊರಬಿದ್ದ ಮೇಲೆ ನಾಲಿಗೆ ಯಜಮಾನನ ಮಾತು ಕೇಳುವುದಿಲ್ಲ. ಇಬ್ಬರ ಕೆಲಸಕ್ಕೂ ಸಮದೂರ ಎಂದೆ. ಆರು ಮನೆ, ಒಂದೇ ಮೆಟ್ಟಿಲು. ಅಲ್ಲಿ ಮಗು ಮನೆಯಿಂದ ಹೊರಗೆ ಕಾಲಿಟ್ಟರೆ ಜನರ ನಡುವೆಯೇ ಕಾಲಿಡುತ್ತದೆ ಎಂದೆ. ನೀರು ಒಂದು ಗಂಟೆ ಬರುವುದು ಕೊರತೆಯಲ್ಲ, ಆ ಒಂದು ಗಂಟೆ ಆರು ಮನೆಯವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ ಎಂದೆ. ಆಗ ನಾಲ್ಕನೆಯ ನಿಮಿಷದ ಗಂಟೆ ಬಿತ್ತು. ಗಂಟೆ ಬಿದ್ದರೆ ನನಗೆ ಇನ್ನಷ್ಟು ಹುರುಪು. "ಶಾಂತಿಯನ್ನು ಸೌಲಭ್ಯಗಳ ಪಟ್ಟಿಯಲ್ಲಿ ಬರೆದವರು," ಎಂದು ಕೈ ಎತ್ತಿದೆ, "ಅದು ಬೇಕಿರುವುದು ಮಗುವಿಗೋ ತಮಗೋ ಎಂದು ಮೊದಲು ಹೇಳಲಿ!"

ಎತ್ತಿದ ಕೈ ಹಾಗೇ ಉಳಿಯಿತು. ಗಂಟೆಯ ಸದ್ದಿಗೆ ಎಚ್ಚರಗೊಂಡ ಧಾತ್ರಿ ಬಾಗಿಲಲ್ಲಿ ನಿಂತಿದ್ದಳು. ನೇರ ಬಂದು ಗಂಟೆಯ ನೆತ್ತಿಗೆ ಟಿಣ್ ಟಿಣ್ ಟಿಣ್ ಎಂದು ಬಡಿದಳು. ನಾನು ಕೂತೆ.

ಪ್ರಮೋದ ಎದ್ದ. ಮರಗಳು ಎಂದ, ಗ್ರಂಥಾಲಯ ಎಂದ, ಬಸ್ಸು ಎಂದ. ಎರಡೇ ನಿಮಿಷಕ್ಕೆ "ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ" ಎಂದು ಕೂತ. ಅವನ ಪಾಲಿಗೆ ಗಂಟೆ ಬಾರಿಸಬೇಕಾಗಲೇ ಇಲ್ಲ. "ನೀನೇ ಗೆದ್ದೆ ಕಣೇ" ಎಂದ. ಕಾಲೇಜಿನಲ್ಲಿ ಏಳು ಸಲ ನನ್ನನ್ನು ಸೋಲಿಸಿದವನು. ಅಂದು ಅವನನ್ನು ಪುಡಿ ಮಾಡಿದೆನೆಂದು ಒಂದು ಕ್ಷಣ ಖುಷಿಯಾದದ್ದೂ ಸುಳ್ಳಲ್ಲ. ಖುಷಿ ಇಳಿದ ಮೇಲೆ ಗೊತ್ತಾಯಿತು, ಗೆದ್ದದ್ದು ಆ ಮೆಟ್ಟಿಲನ್ನು, ಆ ಮೊರವನ್ನು, ಆ ಹೆಂಗಸನ್ನು.

ಮರುದಿನ ಕಾಫಿಯ ಹೊತ್ತಿಗೆ, "ಇನ್ನೊಂದ್ಸಲ ಚರ್ಚೆ ಇಡೋಣ್ವಾ?" ಎಂದೆ.

"ಸೋತವರು ಅಪೀಲ್ ಹಾಕೋದು ಕೇಳಿದೀನಿ. ಗೆದ್ದವರು ಹಾಕೋದು ಎಲ್ಲಾದ್ರೂ ಉಂಟಾ?"

ನಾನು ಲೋಟ ತೊಳೆಯಲು ಎದ್ದು ಹೋದೆ.

ಹೀಗೆ ಬಂದು ಸೇರಿದ ಮನೆ ಇದು. ಬಂದ ಮೊದಲ ವಾರದಲ್ಲೇ ಇಲ್ಲಿನ ಕಾನೂನು ತಿಳಿಯಿತು. ಸಂಜೆ ಐದರಿಂದ ಏಳರವರೆಗೆ ಮುನಿರತ್ನಮ್ಮ ಮೂರನೆಯ ಮೆಟ್ಟಿಲಲ್ಲಿರುತ್ತಾರೆ. ಕೈಯಲ್ಲಿ ಸೊಪ್ಪೋ, ಕಾಳೋ, ಹೂವೋ. ಹತ್ತಿ ಹೋಗುವವರು ಯಾರೇ ಆಗಲಿ, ಶಾಲೆಯ ಮಗುವೋ, ಬ್ಯಾಂಕಿನ ಮ್ಯಾನೇಜರೋ, ಒಂದು ಪ್ರಶ್ನೆಗೆ ಉತ್ತರ ಕೊಡದೆ ನಾಲ್ಕನೆಯ ಮೆಟ್ಟಿಲು ಮುಟ್ಟುವಂತಿಲ್ಲ: "ಏನ್ ತಿಂದೆ?" ನಮ್ಮ ಮಹಡಿಯಲ್ಲೇ ಎದುರು ಮನೆಯ ಶಾಹಿನಾ ಹೊಲಿಗೆ ಕೆಲಸದವಳು, ಅವಳ ಮಗ ಅಯಾನ್ ಬಂದರೆ ಅದೇ ಪ್ರಶ್ನೆ ಅವನ ಮನೆಮಾತಿಗೆ ತಿರುಗುತ್ತಿತ್ತು: "ಕ್ಯಾ ಖಾಯಾ ರೇ?" ಶಾಹಿನಾ ಮೇಲಿನಿಂದ ಕೂಗುತ್ತಿದ್ದಳು, "ಅಮ್ಮಾ, ನಿಮ್ದು ಉರ್ದು ಕೇಳಿದ್ರೆ ನಮ್ ಅತ್ತೆ ಶಿರಾದಿಂದ ಎದ್ ಬರ್ತಾರೆ!" "ಬರ್ಲಿ, ಅವ್ಳೂ ಏನ್ ತಿಂದ್ಲೋ ಯೋಳ್ಬುಟ್ ಅತ್ಲಿ" ಎನ್ನುತ್ತಿದ್ದರು ಮುನಿರತ್ನಮ್ಮ. ವಿಮಾನ ನಿಲ್ದಾಣದ ರಸ್ತೆಯ ಟೋಲಿನಲ್ಲಾದರೆ ಗಾಜಿಗೆ ಅಂಟಿಸಿದ ಚೀಟಿ ಇದ್ದರೆ ನಿಲ್ಲಿಸದೆ ಹೋಗಬಹುದು. ಇಲ್ಲಿ ಅದೂ ಇಲ್ಲ ಎಂದು ಪ್ರಮೋದ ಇದಕ್ಕೆ ಮೆಟ್ಟಿಲ ಸುಂಕ ಎಂದು ಹೆಸರಿಟ್ಟ.

ಧಾತ್ರಿ ಬೇಬಿ ಸಿಟ್ಟಿಂಗಿನಿಂದ ನನ್ನ ಕೈ ಹಿಡಿದು ಬರುತ್ತಿದ್ದಳು. "ಏನ್ ತಿಂದೆ ಮಗ?" "ಇಡ್ಲಿ ತಿಂದ್ಲು, ಮಧ್ಯಾಹ್ನ ಮೊಸರನ್ನ" ಎಂದು ನಾನು ಸುಂಕ ಕಟ್ಟಿ ದಾಟಿಸುತ್ತಿದ್ದೆ. ಹತ್ತು ದಿನ ನಡೆಯಿತು. ಹನ್ನೊಂದನೆಯ ದಿನ ಮುನಿರತ್ನಮ್ಮ ಸೊಪ್ಪಿನಿಂದ ಕಣ್ಣೆತ್ತದೆ, "ಸುಮ್ಕಿರವ್ವ. ನಿನ್ನ ಕೇಳ್ನಿಲ್ಲ" ಎಂದರು.

ಮಾತಿನ ನಡುವೆಯೇ ನನ್ನನ್ನು ಸುಮ್ಮನಿರು ಎಂದದ್ದು ಅದಕ್ಕೆ ಮುಂಚೆ ಈ ಗಂಟೆಯೊಂದೇ. "ಅವಳಿಗೆ ಮಾತು ಬರಲ್ಲ ಅಂತ ನಿಮಗೆ ಗೊತ್ತಲ್ವಾ?" ಎಂದೆ. ದನಿ ಏರಿತ್ತು.

"ಗೊತ್ತು. ಅಂಗಂತ ಕೇಳೋದ್ ಬುಡಕಾಯ್ತದಾ? ಬಾಯಲ್ ಬರ್ದಿದ್ರೆ ಕೈಯಲ್ ತೋರುಸ್ಲಿ."

"ಎಷ್ಟೊತ್ತು ನಿಲ್ಲೋದು ಆಂಟಿ?"

"ಅದು ಯೋಳೋಗಂಟ. ನಂಗೇನ್ ಬಸ್ ತಪ್ಪೋಯ್ತದಾ?"

ನಿಂತೆವು. ಹಿಂದೆ ಶಾಹಿನಾ ತರಕಾರಿ ಚೀಲ ಹಿಡಿದು ಬಂದಳು, ನಿಂತಳು. ಅಯಾನ್ ಬಂದ, ಅವನೂ ನಿಂತ. ಯಾರೂ ಅವಸರ ಮಾಡಲಿಲ್ಲ, ಯಾರೂ 'ಹೇಳು ಪುಟ್ಟಾ' ಎನ್ನಲಿಲ್ಲ, ಯಾರೂ ನನ್ನನ್ನು ನೋಡಲಿಲ್ಲ. ಕಾಯುವುದು ಅವರಿಗೆಲ್ಲ ನಲ್ಲಿಯ ಮುಂದೆ ಕೊಡ ಇಟ್ಟು ನಿಂತಷ್ಟೇ ಸಹಜವಾಗಿತ್ತು. ಧಾತ್ರಿ ಬಹಳ ಹೊತ್ತು ಯೋಚಿಸಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತು, ಚೀಲ ಬಿಚ್ಚಿ, ಡಬ್ಬಿ ತೆಗೆದು, ಮುಚ್ಚಳ ಎತ್ತಿ, ಉಳಿದಿದ್ದ ಅರ್ಧ ಇಡ್ಲಿಯನ್ನು ಮುನಿರತ್ನಮ್ಮನ ಮೂಗಿನ ಕೆಳಗೆ ಹಿಡಿದಳು.

"ಇಡ್ಲಿ. ಅರ್ಧ ಬುಟ್ಟವ್ಳೆ ಕಳ್ಳಿ. ಓಗು."

ಧಾತ್ರಿ ನನ್ನ ಕೈ ಬಿಡಿಸಿಕೊಂಡು, ಒಬ್ಬಳೇ, ಎದೆ ಮುಂದೆ ಮಾಡಿ ಮೆಟ್ಟಿಲು ಹತ್ತಿದಳು. ಸುಂಕ ಕಟ್ಟಿದವರ ನಡಿಗೆ ಅದು. ಅಲ್ಲಿಯವರೆಗೆ ಅವಳ ಸುಂಕವನ್ನೆಲ್ಲ ನಾನೇ ಕಟ್ಟುತ್ತಿದ್ದೆ ಎಂಬುದು ನನಗೆ ಆಗ ಹೊಳೆಯಿತು. ಅವಳಿಗೆ ಕೇಳಿದ ಒಂದೊಂದು ಪ್ರಶ್ನೆಯನ್ನೂ ಅವಳ ಮುಂದೆ ಬೀಳುವ ಮೊದಲೇ ನಾನು ಹಾರಿ ಹಿಡಿದುಬಿಡುತ್ತಿದ್ದೆ. ಅವಳ ನಾಚಿಕೆಗೋಸ್ಕರ ಎಂದು ಹೇಳುತ್ತಿದ್ದೆ. ಅವಳಿಗೆ ನಾಚಿಕೆ ಇತ್ತೆಂಬುದಕ್ಕೆ ಯಾವ ಪುರಾವೆಯೂ ಇರಲಿಲ್ಲ.

ತರಬೇತಿಯ ಮೇಡಂ ಮೊದಲ ದಿನವೇ ಹೇಳಿದ್ದರು, ಮಗುವಿಗೆ ಪ್ರಶ್ನೆ ಕೇಳಿ, ಆಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ ಎಂದು. ನಾನು ಡೈರಿಯಲ್ಲಿ ಬರೆದುಕೊಂಡು ಅಡಿಗೆರೆಯನ್ನೂ ಎಳೆದಿದ್ದೆ. ಆದರೆ ಎಣಿಸಲು ಹೊರಟರೆ ನಾಲ್ಕಕ್ಕೇ ತಲೆಯೊಳಗೆ ಗಂಟೆ ಬೀಳುತ್ತಿತ್ತು, ನಾಲಿಗೆ ತುರಿಸುತ್ತಿತ್ತು. ಹತ್ತರವರೆಗೆ ಎಣಿಸುವುದನ್ನು ನಾನು ಕಲಿತದ್ದು ಆ ಮೆಟ್ಟಿಲ ಮೇಲೆ, ಒಂದು ಹೆಗಲಲ್ಲಿ ಪುಸ್ತಕದ ಚೀಲ, ಇನ್ನೊಂದರಲ್ಲಿ ಮಗುವಿನ ಚೀಲ ಹೊತ್ತು ನಿಂತು. ಡಬ್ಬಿ ತೋರಿಸಿ, ಬಣ್ಣ ತೋರಿಸಿ, ಕೈಯಲ್ಲಿ ಉಂಡೆ ಮಾಡಿ ತೋರಿಸಿ ಧಾತ್ರಿ ದಿನಾ ಸುಂಕ ಕಟ್ಟಿದಳು. ಒಮ್ಮೆ ಬಾಯಿ ತೆರೆದು ಒಳಗೇ ತೋರಿಸಿದಳು. ಮುನಿರತ್ನಮ್ಮ ಬಗ್ಗಿ ನೋಡಿ, "ಬಾಳೆಣ್ಣು" ಎಂದು ತೀರ್ಪು ಕೊಟ್ಟರು.

ಮತ್ತೆ ಅವರೆಕಾಯಿ ಬರುವ ಹೊತ್ತಿಗೆ, ಒಂದು ಸಂಜೆ, ಎಂದಿನಂತೆ "ಏನ್ ತಿಂದೆ?" ಎಂದು ಕೇಳಿದರು. ನಾನು ಎಣಿಸುತ್ತಿದ್ದೆ. ಆರಕ್ಕೆ ಬಂದಿದ್ದೆ.

"ಮುದ್ದೆ" ಎಂದಳು ಧಾತ್ರಿ.

ಸ್ಪಷ್ಟವಾಗಿ. ಎರಡು ಅಕ್ಷರವೂ ತುಂಬಿ. ಆಗಲೇ ಅವಳಿಗೆ ಮನೆಯಲ್ಲಿ ಹತ್ತಾರು ಶಬ್ದ ಬಂದಿದ್ದವು, ನಿಜ. ಆದರೆ ಹೊರಗಿನವರು ಕೇಳಿದ ಪ್ರಶ್ನೆಗೆ ಅವಳು ಬಾಯಿಬಿಟ್ಟು ಕೊಟ್ಟ ಮೊದಲ ಉತ್ತರ ಅದು. ಮತ್ತು ಅದು ಶುದ್ಧ ಸುಳ್ಳು. ಅಂದು ಅವಳು ತಿಂದದ್ದು ಉಪ್ಪಿಟ್ಟು. ಡಬ್ಬಿ ಕಟ್ಟಿದವಳು ನಾನು. ಮುದ್ದೆ ಎಂದವರಿಗೆ ಮುನಿರತ್ನಮ್ಮನ ಹತ್ತಿರ ವಿಶೇಷ ಮರ್ಯಾದೆ ಇರುವುದನ್ನು ವರ್ಷವಿಡೀ ನೋಡಿ ತಿಳಿದುಕೊಂಡಿದ್ದಳು ನನ್ನ ಮಗಳು. ಆಧಾರವಿಲ್ಲದ ಒಂದು ಹೇಳಿಕೆಯನ್ನು ಜೀವನದಲ್ಲಿ ಮೊದಲ ಬಾರಿಗೆ ನಾನು ಖಂಡಿಸದೆ ಬಿಟ್ಟೆ.

"ಮುದ್ದೇನಾ! ಏನ್ ಸಾರು?" ಎಂದರು ಮುನಿರತ್ನಮ್ಮ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಬತ್ತದೆ ಎಂದಿದ್ದರು, ಬಂದಿತ್ತು, ಅಷ್ಟೇ. ಮೇಲೆ ಶಾಹಿನಾಳ ಹೊಲಿಗೆ ಯಂತ್ರ ಮಾತ್ರ ತಟಕ್ಕನೆ ನಿಂತಿತು.

ಇಲ್ಲಿ ನಾನೊಂದು ಮಾತು ಹೇಳದಿದ್ದರೆ ನನ್ನ ವಿದ್ಯೆಗೆ ದ್ರೋಹವಾಗುತ್ತದೆ. ಮೆಟ್ಟಿಲಿನಿಂದಲೇ ಮಾತು ಬಂತು ಎಂದು ನಾನು ವಾದಿಸುವುದಿಲ್ಲ. ತರಬೇತಿ ಇತ್ತು, ಅಯಾನ್ ಇದ್ದ, ವಯಸ್ಸೂ ಏರುತ್ತಿತ್ತು. ವಿದ್ಯಾರಣ್ಯಪುರದಲ್ಲಿದ್ದಿದ್ದರೂ ಬರುತ್ತಿತ್ತೇನೋ, ಇಷ್ಟೇ ಹೊತ್ತಿಗೆ ಬರುತ್ತಿತ್ತೇನೋ. ಒಂದಾದ ಮೇಲೆ ಒಂದು ಆದ ಮಾತ್ರಕ್ಕೆ ಇದರಿಂದ ಅದು ಆಯಿತೆನ್ನಲಾಗದು ಎಂದು ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ. ಮಗಳ ವಿಷಯದಲ್ಲಿ ನನ್ನಲ್ಲಿ ಪುರಾವೆ ಇಲ್ಲ. ನನ್ನ ವಿಷಯದಲ್ಲಿ ಇದೆ. ಹೋದ ಕಡೆಯಲ್ಲೆಲ್ಲ ನಾನು ಮಗಳ ಜೊತೆ, ಯಾರ ಪ್ರಶ್ನೆಗೂ ಹೆದರದೆ, ಮತ್ತೆ ಲಿಫ್ಟು ಹತ್ತುವವಳಾದದ್ದು ಆ ಮೆಟ್ಟಿಲಿನಿಂದ.

ಈಗ ಧಾತ್ರಿಗೆ ಆರು. ಮಾತು ನಿಲ್ಲಿಸಲು ಇದೇ ಗಂಟೆ ಬೇಕಾಗುತ್ತದೇನೋ ಎಂಬಷ್ಟು ಮಾತು. ಗಂಟೆಯನ್ನು ಒರೆಸಿ ಪ್ರಮೋದನ ಮುಂದಿಟ್ಟೆ. "ಮತ್ತೆ ಚೀಟಿ ಎತ್ತೋಣ್ವಾ?" ಎಂದ. ನಾನು ಮೂರು ವರ್ಷದಿಂದ ಕೇಳದೆ ಉಳಿಸಿಕೊಂಡದ್ದನ್ನು ಕೇಳಿದೆ.

"ಅವತ್ತು ಎರಡೇ ನಿಮಿಷಕ್ಕೆ ಯಾಕೋ ಕೂತ್ಕೊಂಡೆ?"

"ಪಾಯಿಂಟ್ಸ್ ಮುಗ್ದಿತ್ತು."

"ಸುಳ್ಳು."

ಅವನು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಲೇ ಇದ್ದ. "ನೀನು ಏಳು ಮಹಡಿ ಮೆಟ್ಟಿಲು ಇಳೀತಿದ್ದದ್ದು ಯಾಕೆ ಅಂತ ನಂಗೆ ಗೊತ್ತಿತ್ತು ಕಣೇ" ಎಂದ. ಅಷ್ಟೇ ಹೇಳಿದ. ಸುಮ್ಮನೆ ಕೂರುವುದೂ ಒಂದು ವಾದ ಎಂದು ಕಾಲೇಜಿನಲ್ಲಿ ಯಾರೂ ನನಗೆ ಕಲಿಸಿರಲಿಲ್ಲ. ಕಲಿತವನ ಜೊತೆ ಒಂದೇ ಮನೆಯಲ್ಲಿದ್ದೆ.

ಮುನಿರತ್ನಮ್ಮನಿಗೆ ಕೃತಜ್ಞತೆ ಹೇಳಬೇಕೆಂದು ಮೊನ್ನೆ ಸಂಜೆ ಮೂರು ನಿಮಿಷದ ಮಾತು ಸಿದ್ಧಮಾಡಿಕೊಂಡು ಇಳಿದೆ. ಹೊಸ ಕಟ್ಟಡದ ಬಗ್ಗೆ ಅವರಿಗೆ ಇದ್ದದ್ದು ಒಂದೇ ತಕರಾರು: "ಲಿಫ್ಟ್ ಮಡುಗ್ತಾನಂತೆ ನನ್ ಮಗ. ಲಿಫ್ಟಲ್ಲಿ ನಾನ್ ಎಲ್ ಕುಂತ್ಕಳಾನ?" ನಾನು ಎರಡನೆಯ ಮೆಟ್ಟಿಲ ಮೇಲೆ ನಿಂತು, "ಆಂಟಿ, ನಿಮಗೆ ಒಂದು ಮಾತು ಹೇಳಬೇಕಿತ್ತು. ನಾವು ಈ ಮನೆಗೆ ಬರುವಾಗ..." ಎಂದು ಶುರು ಮಾಡಿದೆ. ಅವರು ಕೈಯಲ್ಲಿದ್ದ ಸೊಪ್ಪಿನ ಕಟ್ಟು ಕೆಳಗಿಟ್ಟು ನನ್ನ ಮುಖವನ್ನೇ ಗಮನವಿಟ್ಟು ನೋಡಿದರು.

"ಮುಖ ಬಾಡೋಗದೆ. ಏನ್ ತಿಂದೆ ಮಧ್ಯಾನ?"

ನಾನು ಏನೂ ತಿಂದಿರಲಿಲ್ಲ. ಸಾಮಾನು ಕಟ್ಟುವ ಗಡಿಬಿಡಿ. ಹಾಗೆಂದು ಹೇಳಿದೆ. ಭಾಷಣ ಅಲ್ಲಿಗೇ ಮುಗಿಯಿತು. ಅರ್ಧ ಗಂಟೆಯ ಮೇಲೆ ಅವರ ಅಡುಗೆಮನೆಯಲ್ಲಿ ತಟ್ಟೆಯ ಮುಂದೆ ಕೂತಿದ್ದೆ. ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು. ಎದುರಿಗೆ ಅವರು.

ನಿನ್ನೆ ವಿದ್ಯಾರಣ್ಯಪುರದಲ್ಲಿ ಒಂದು ಮನೆ ನೋಡಲು ಹೋದೆವು. ಧಾತ್ರಿಯ ಶಾಲೆಗೆ ಹತ್ತಿರ. ಈ ಸಲ ಪಟ್ಟಿ ಮಾಡಿರಲಿಲ್ಲ. ಅದೇ ಹೊಂಗೆ ಮರಗಳು, ಅದೇ ಸದ್ದಿಲ್ಲದ ಬೀದಿ. ಗೇಟು ತೆಗೆದರೆ ಎದುರಿಗೇ ಮೇಲಕ್ಕೆ ಹೋಗುವ ಮೆಟ್ಟಿಲು. ಅದರ ಮೇಲೆ ಕೆಳಗಿನ ಮನೆಯ ಪುಟ್ಟ ಹುಡುಗಿಯೊಬ್ಬಳು ಬೆರಳು ಚೀಪುತ್ತ ಕೂತಿದ್ದಳು. ಮೂರೋ ಮೂರೂವರೆಯೋ ಇರಬಹುದು. ಪಕ್ಕದಲ್ಲಿ ತಾಯಿ, ಬಟ್ಟೆ ಮಡಚುತ್ತ. ಪ್ರಮೋದ ಚಪ್ಪಲಿ ಬಿಡುತ್ತಿದ್ದ. ಧಾತ್ರಿ ಅವಳ ಮುಂದೆ ಹೋಗಿ ನಿಂತು ಕೇಳಿಯೇಬಿಟ್ಟಳು:

"ಏನ್ ತಿಂದೆ?"

ಮಗು ಬೆರಳು ತೆಗೆಯಲಿಲ್ಲ. ಅದರ ತಾಯಿ ಒಂದು ಕ್ಷಣ ನನ್ನನ್ನು ನೋಡಿ, ಮಗುವನ್ನು ಹತ್ತಿರಕ್ಕೆಳೆದುಕೊಂಡು, ನಗುತ್ತ, ಅವಸರದಲ್ಲಿ ಹೇಳಿದಳು: "ದೋಸೆ ತಿಂದ್ಲು ಪುಟ್ಟಾ. ಇವಳಿಗೆ ಸ್ವಲ್ಪ ನಾಚಿಕೆ..."

ಆ ನಗು ನನಗೆ ಗೊತ್ತಿತ್ತು. ಆ ವಾಕ್ಯವೂ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಧಾತ್ರಿ, ಬಹಳ ಮರ್ಯಾದೆಯಿಂದ, "ಆಂಟಿ, ನಿಮ್ಮನ್ನ ಕೇಳಿಲ್ಲ" ಎಂದು ಹೇಳಿ ಆ ಮೆಟ್ಟಿಲ ಮೇಲೆ ಕೂತೇ ಬಿಟ್ಟಳು. ಬಸ್ಸು ತಪ್ಪಿಹೋಗುವ ಅವಸರವೇನೂ ಇಲ್ಲದವಳಂತೆ.

ತಾಯಿಯ ಮುಖ ಕೆಂಪಾಯಿತು. ನಾನು ತೆರೆದ ಬಾಯಿ ಮುಚ್ಚಿಕೊಂಡು, ಆಕೆಯ ಪಕ್ಕದಲ್ಲಿದ್ದ ಬಟ್ಟೆಯ ರಾಶಿಯಿಂದ ಒಂದು ಪುಟ್ಟ ಅಂಗಿ ಎತ್ತಿಕೊಂಡು ಮಡಚತೊಡಗಿದೆ. ಆಕೆ ನನ್ನನ್ನು ನೋಡಿದಳು. ಆಮೇಲೆ ತಾನೂ ಒಂದು ಅಂಗಿ ಎತ್ತಿಕೊಂಡಳು. ಮೇಲಿನಿಂದ ಮನೆಯೊಡೆಯರು "ಬನ್ನಿ ಬನ್ನಿ" ಎಂದು ಕರೆದರು. ಪ್ರಮೋದ ಅವರಿಗೆ ಕೈಯಲ್ಲೇ 'ಒಂದು ನಿಮಿಷ' ಎಂದು ತೋರಿಸಿದ.

ಗಂಟೆ ಬಾರಿಸುವವರು ಯಾರೂ ಇರಲಿಲ್ಲ. ನಾನು ಎಣಿಸಲು ಶುರುಮಾಡಿದೆ. ನಾಲ್ಕು ದಾಟಿತು, ಹತ್ತು ದಾಟಿತು, ಆಮೇಲೆ ಲೆಕ್ಕ ತಪ್ಪಿತು. ಹುಡುಗಿ ಧಾತ್ರಿಯನ್ನು ನೋಡುತ್ತಿದ್ದಳು, ಧಾತ್ರಿ ಹುಡುಗಿಯನ್ನು. ಎಷ್ಟೋ ಹೊತ್ತಾದ ಮೇಲೆ ಆ ಪುಟ್ಟ ಬೆರಳು ಬಾಯಿಂದ ಹೊರಗೆ ಬಂತು.